ಹಿಟ್ಟಿನ ಕೋಳಿ ಮತ್ತು ಗರ್ಭಪಾತದ ಪ್ರಶ್ನೆ

ಚಾತುರ್ಮಾಸದ ಪ್ರವಚನಗಳಲ್ಲಿ ಗರ್ಭಪಾತದ ಪ್ರಸ್ತಾಪ ಬಂದೊಡನೆ ಅದರ ಬೆನ್ನಿಗೇ ಯಶೋಧರನ ಕಥೆಯೂ ಬರುವುದುಂಟು. ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿದ ಮಾತ್ರಕ್ಕೆ ಒಬ್ಬ ಅರಸನೂ ಅವನ ತಾಯಿಯೂ ಜನ್ಮಜನ್ಮಾಂತರ ತೊಳಲಿದರೆಂದ ಮೇಲೆ, ಗರ್ಭದೊಳಗಿರುವ ಜೀವವನ್ನು ಕೊಂದವರ ಗತಿಯೇನು ಎಂಬುದು ಪ್ರವಚನಕಾರರ ಪ್ರಶ್ನೆ. ಅಳದಂಗಡಿ, ವೇಣೂರು, ಮೂಡುಬಿದಿರೆಗಳ ಬಸದಿಗಳ ಶ್ರಾವಕ ಶ್ರಾವಿಕೆಯರಿಗೆ ಈ ಕಥೆ ಹೊಸತಲ್ಲ. ಸಭೆ ಮೌನವಾಗಿ ತಲೆದೂಗುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ವಿಚಾರ ಆರಂಭವಾಗಬೇಕಾದದ್ದೇ ಅಲ್ಲಿಂದ. ಕಥೆಯ ಅರ್ಧವನ್ನು ಹೇಳಿ ಅದರಿಂದ ಪೂರ್ಣ ತೀರ್ಪನ್ನು ಹೊರಡಿಸುವ ಈ ಕ್ರಮವನ್ನು ಒಮ್ಮೆ ಪರಿಶೀಲಿಸುವುದು ಅವಶ್ಯವಾಗಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಪಾತದ ಸೇವೆಯನ್ನೂ ಆಪ್ತಸಮಾಲೋಚನೆಯನ್ನೂ ವಿಸ್ತರಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಧರ್ಮದ ಹೆಸರಿನಲ್ಲಿ ಉತ್ತರ ಕೊಡುವವರು ಈ ಕಥೆಯನ್ನೇ ಸಾಕ್ಷಿಗೆ ಕರೆಯುತ್ತಿರುವುದರಿಂದ, ಆ ಸಾಕ್ಷಿ ನಿಜವಾಗಿ ಏನು ನುಡಿಯುತ್ತದೆ ಎಂಬುದನ್ನು ಕೇಳಲೇಬೇಕು.

ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಕೋಳಿಯನ್ನು ಕಡಿಯುವ ಬಯಕೆ ಯಶೋಧರನದಲ್ಲ. ರಾಣಿಯ ದ್ರೋಹವನ್ನು ಕಣ್ಣಾರೆ ಕಂಡು ಕುಗ್ಗಿದ ಅವನು, ನಿಜವನ್ನು ಮರೆಮಾಚಿ, ಕೆಟ್ಟ ಕನಸು ಬಿತ್ತೆಂದು ತಾಯಿಗೆ ಹೇಳುತ್ತಾನೆ. ತಾಯಿ ಚಂದ್ರಮತಿ ದೇವಿಗೆ ಬಲಿ ಕೊಡಬೇಕೆಂದು ಹಟ ಹಿಡಿಯುತ್ತಾಳೆ. ಜೀವವಧೆ ತನ್ನಿಂದಾಗದೆಂದು ಮಗ ನಿರಾಕರಿಸಿದಾಗ, ಹಿಟ್ಟಿನ ಕೋಳಿಯಾದರೂ ಆಗಲೆಂಬ ಒಪ್ಪಂದ ಹುಟ್ಟುತ್ತದೆ. ಮಗನು ತಾಯಿಯ ಮಾತಿಗೆ ಕಟ್ಟುಬಿದ್ದು ಕತ್ತಿ ಎತ್ತುತ್ತಾನೆ. ಕರ್ಮಫಲವಾದರೋ ಇಬ್ಬರಿಗೂ ತಟ್ಟುತ್ತದೆ. ಚಂದ್ರಮತಿಯ ಕೈ ಕತ್ತಿಯನ್ನು ಮುಟ್ಟಲಿಲ್ಲ. ಆದರೂ ಪ್ರಾಣಿಜನ್ಮಗಳ ಸಾಲಿನಲ್ಲಿ ಮಗನ ಜೊತೆಗೆ ಅವಳೂ ನಡೆಯಬೇಕಾಯಿತು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳನ್ನು ಬಾಯಿಪಾಠವಾಗಿ ಬಲ್ಲ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಪ್ರವಚನದ ವೇದಿಕೆಯಿಂದ ಗರ್ಭಪಾತದ ಮಾತು ಬಂದಾಗ ಬೆರಳು ತಿರುಗುವುದು ಹೆಂಗಸಿನ ಕಡೆಗೆ ಮಾತ್ರ. ಹಟ ಹಿಡಿದ ಅತ್ತೆ, ಸುಮ್ಮನಿದ್ದ ಗಂಡ, ಸ್ಕ್ಯಾನಿಂಗ್ ಯಂತ್ರದ ಗುಟ್ಟನ್ನು ಮಾರಿದ ದಲ್ಲಾಳಿ, ಇವರ್ಯಾರೂ ಆ ಮಾತಿನಲ್ಲಿ ಬರುವುದಿಲ್ಲ. ಜನ್ನನ ಕಾವ್ಯ ಇಷ್ಟು ಪಕ್ಷಪಾತಿಯಲ್ಲ.

ಇದೇ ಯಶೋಧರನ ಕಥೆಯನ್ನು 959ರಲ್ಲಿ ಸಂಸ್ಕೃತದಲ್ಲಿ ಚಂಪೂರೂಪವಾಗಿ ಬರೆದ ಸೋಮದೇವಸೂರಿ, ‘ಯಶಸ್ತಿಲಕ’ದಲ್ಲಿ ಬೆಸ್ತನನ್ನೂ ರೈತನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತಾನೆ. ದಿನವಿಡೀ ಬಲೆ ಬೀಸಿ ಒಂದು ಮೀನನ್ನೂ ಹಿಡಿಯದ ಬೆಸ್ತನು ಹಿಂಸಕ. ನೇಗಿಲಿನಡಿ ಅಸಂಖ್ಯ ಜೀವಗಳು ಸತ್ತರೂ ರೈತನು ಆ ಪಾಪದ ಪಾಲುದಾರನಲ್ಲ. ಅಮೃತಚಂದ್ರಸೂರಿಯ ‘ಪುರುಷಾರ್ಥಸಿದ್ಧ್ಯುಪಾಯ’ವಂತೂ ಇನ್ನೂ ಮುಂದೆ ಹೋಗಿ, ಒಬ್ಬನು ಮಾಡಿದ ಹಿಂಸೆಯ ಫಲವನ್ನು ಹಲವರು ಉಣ್ಣುವುದೂ, ಹಿಂಸೆಯನ್ನೇ ಮಾಡದವನು ಅದರ ಫಲವನ್ನು ಉಣ್ಣುವುದೂ ಉಂಟೆಂದು ವಿವರಿಸುತ್ತದೆ. ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಕ್ಕೆ ಕುತ್ತು ತರುವುದೇ ಹಿಂಸೆಯೆಂಬ ತತ್ತ್ವಾರ್ಥಸೂತ್ರದ ಲಕ್ಷಣದಲ್ಲಿ ತೂಕವಿರುವುದು ಪ್ರಮಾದ ಎಂಬ ಪದಕ್ಕೆ. ಕಷಾಯವೂ ಪ್ರಮಾದ, ಅಸಡ್ಡೆಯೂ ಪ್ರಮಾದ. ಕಣ್ಣೆದುರಿನ ಸಂಕಟವನ್ನು ನೋಡಿಯೂ ನೋಡದಂತಿರುವುದು ಯಾವ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಪ್ರಾಜ್ಞರು ಯೋಚಿಸಬೇಕು.

ಇಲ್ಲಿ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಗರ್ಭದಲ್ಲಿ ಜೀವವಿಲ್ಲವೆಂದು ಹೇಳುವ ಅವಕಾಶ ಜೈನ ಸಿದ್ಧಾಂತದಲ್ಲಿಲ್ಲ. ಸಮ್ಮೂರ್ಛನ, ಗರ್ಭ, ಉಪಪಾದ ಎಂಬ ಜನ್ಮಗಳಲ್ಲಿ ಗರ್ಭಜನ್ಮವು ಮಗು ಹೊರಬಂದ ದಿನದಿಂದ ಎಣಿಕೆಯಾಗುವಂಥದ್ದಲ್ಲ. ಆದಕಾರಣ ಗರ್ಭಪಾತದಲ್ಲಿ ಹಿಂಸೆ ಇಲ್ಲವೆಂದು ಆಧುನಿಕರನ್ನು ಮೆಚ್ಚಿಸಲು ವಾದಿಸುವುದು ಅಪ್ರಾಮಾಣಿಕತೆಯಾಗುತ್ತದೆ. ಆದರೆ ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ವಿಂಗಡಿಸಿದವರೂ ಜೈನಾಚಾರ್ಯರೇ. ಎಲ್ಲ ಹಿಂಸೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ವಿವೇಕದಿಂದಲೇ ಆ ವಿಂಗಡಣೆ ಹುಟ್ಟಿತು. ಹೆಣ್ಣೆಂಬ ಕಾರಣಕ್ಕೆ ಭ್ರೂಣವನ್ನು ಕೊಲ್ಲಿಸುವುದು ಸಂಕಲ್ಪಿ ಹಿಂಸೆ. ಅದರಲ್ಲಿ ಎರಡು ಮಾತಿಲ್ಲ. ತಾಯಿಯ ಪ್ರಾಣಕ್ಕೆ ಬಂದ ಕುತ್ತನ್ನು ತಪ್ಪಿಸಲು ವೈದ್ಯನು ಮಾಡುವ ಕ್ರಿಯೆ ಹಾಗಲ್ಲ. ಅತ್ಯಾಚಾರಕ್ಕೀಡಾದ ಹದಿನಾಲ್ಕರ ಬಾಲೆ, ಬದುಕಿ ಉಳಿಯಲಾರದ ವೈಕಲ್ಯವುಳ್ಳ ಭ್ರೂಣ, ಹೆರಿಗೆಯ ಭಾರವನ್ನು ತಾಳಲಾರದ ಹೃದ್ರೋಗಿ, ಇವು ಒಂದೊಂದೂ ಬೇರೆ ಬೇರೆ. ಇವುಗಳ ಆಚೆ ಇನ್ನೊಂದು ವರ್ಗವಿದೆ: ಗರ್ಭನಿರೋಧ ವಿಫಲವಾಗಿ ಬೇಡದ ಗರ್ಭ ನಿಂತವರು. ಕಾನೂನು ಇದನ್ನು ಒಪ್ಪುತ್ತದೆ, ಶಾಸ್ತ್ರ ಸುಲಭವಾಗಿ ಒಪ್ಪಲಾರದು. ಈ ವಿರೋಧವನ್ನು ಜಾಣ್ಮೆಯಿಂದ ಕರಗಿಸಲು ಬರುವುದಿಲ್ಲ. ಅದನ್ನು ಹಾಗೆಯೇ ಇಟ್ಟುಕೊಂಡು, ಸಾರ್ವಜನಿಕ ಆಸ್ಪತ್ರೆಯ ಕರ್ತವ್ಯವೇನೆಂದು ಕೇಳಬೇಕು.

ಧರ್ಮದ ಹೆಸರಿನಲ್ಲಿ ಆಸ್ಪತ್ರೆಯ ಬಾಗಿಲು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯನ್ನು ಹುಡುಕಲು ಪರಭಾಷೆಯವರ ಬಳಿಗೆ ಹೋಗಬೇಕಾಗಿಲ್ಲ, ಪರದೇಶಕ್ಕೆ ಹೋದ ಕನ್ನಡತಿಯೊಬ್ಬಳ ಕಥೆಯೇ ಇದೆ. ಬೆಳಗಾವಿಯ ಮನೆತನದ ಸವಿತಾ ಹಾಲಪ್ಪನವರ ಐರ್ಲೆಂಡಿನ ಗಾಲ್ವೇ ನಗರದಲ್ಲಿ ನೆಲಸಿದ್ದ ದಂತವೈದ್ಯೆ. 2012ರ ಅಕ್ಟೋಬರ್ 21ರಂದು, ಹದಿನೇಳು ವಾರಗಳ ಗರ್ಭಿಣಿಯಾಗಿದ್ದಾಗ, ಆಸ್ಪತ್ರೆಗೆ ದಾಖಲಾದಳು. ಗರ್ಭ ಉಳಿಯದೆಂಬುದು ನಿಶ್ಚಿತವಾಗಿತ್ತು. ಅದನ್ನು ತೆಗೆದುಬಿಡಿರೆಂದು ಆಕೆಯೂ ಪತಿಯೂ ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿರುವ ತನಕ ಕಾನೂನು ಬಿಡದೆಂಬ ಉತ್ತರ ಬಂದಿತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನು ತಾನು ಆಡಿದ್ದು ನಿಜವೆಂದು ಅಲ್ಲಿನ ದಾದಿಯೊಬ್ಬರು ಆನಂತರದ ವಿಚಾರಣೆಯಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡಳು. ಆಗ ಅವಳಿಗೆ ಮೂವತ್ತೊಂದು ವರ್ಷ. ಭ್ರೂಣವೂ ಉಳಿಯಲಿಲ್ಲ. ನಂಜಿನ ಲಕ್ಷಣಗಳನ್ನು ಗುರುತಿಸಿ ಎಚ್ಚತ್ತುಕೊಳ್ಳುವ 13 ಅವಕಾಶಗಳು ತಪ್ಪಿಹೋದವೆಂದು ಆ ದೇಶದ ಆರೋಗ್ಯ ಗುಣಮಟ್ಟ ಪ್ರಾಧಿಕಾರ 2013ರಲ್ಲಿ ವರದಿ ಮಾಡಿತು. ಅಲ್ಲಿಯ ವೈದ್ಯರು ಕ್ರೂರಿಗಳೆಂದು ಯಾರೂ ಹೇಳಲಿಲ್ಲ. ಕಾನೂನಿನ ಭಯ, ಅದಕ್ಕೆ ಬೆರೆತ ಅಜಾಗರೂಕತೆ, ಈ ಎರಡೇ ಸಾಕಾದವು. ಒಂದು ಜೀವವನ್ನು ಉಳಿಸುವ ಹಟದಲ್ಲಿ ಎರಡು ಜೀವ ಹೋಯಿತು. ಪ್ರಮತ್ತಯೋಗಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವನ್ನು ಯಾವ ಪಂಡಿತನೂ ಕೊಡಲಾರನು.

ಐರ್ಲೆಂಡ್ ಆ ಸಾವಿನಿಂದ ಪಾಠ ಕಲಿಯಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇಕಡಾ 66.4 ಮಂದಿ ಸಂವಿಧಾನದ ನಿಷೇಧವನ್ನು ತೆಗೆಯಲು ಒಪ್ಪಿದರು. 2019ರ ಜನವರಿ 1ರಿಂದ ಹನ್ನೆರಡು ವಾರಗಳವರೆಗಿನ ಸೇವೆ ಅಲ್ಲಿನ ನಿವಾಸಿಗಳಿಗೆ ಉಚಿತವಾಗಿ ದೊರೆಯತೊಡಗಿತು. ಅದರಲ್ಲಿ ಬಹುಪಾಲನ್ನು ಊರಿನ ಸಾಮಾನ್ಯ ವೈದ್ಯರೇ ನಡೆಸುತ್ತಾರೆ. ಫೋನಿನಲ್ಲಿ ಉಚಿತವಾಗಿ ಮಾಹಿತಿ ಮತ್ತು ಆಪ್ತಸಮಾಲೋಚನೆ ನೀಡುವ ಸರಕಾರಿ ವ್ಯವಸ್ಥೆಯೂ ಜೊತೆಯಲ್ಲೇ ಆರಂಭವಾಯಿತು. ಕಾನೂನು ಬಂದ ದಿನವೇ ಬಾಗಿಲೂ ತೆರೆದದ್ದು ಇಲ್ಲಿ ಗಮನಾರ್ಹ.

ಭಾರತದಲ್ಲಿ ಕಾನೂನು ಅದಕ್ಕಿಂತ ಅರ್ಧ ಶತಮಾನದಷ್ಟು ಹಳೆಯದು. 1964ರಲ್ಲಿ ನೇಮಕಗೊಂಡ ಶಾಂತಿಲಾಲ್ ಶಾ ಸಮಿತಿ ಶಿಫಾರಸು ಮಾಡಿತು. ವೈದ್ಯಕೀಯ ಗರ್ಭಪಾತ ಕಾಯಿದೆ 1971ರಲ್ಲಿ ಅಂಗೀಕೃತವಾಗಿ 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2021ರ ತಿದ್ದುಪಡಿಯ ಪ್ರಕಾರ ಇಪ್ಪತ್ತು ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. ನಿರ್ದಿಷ್ಟ ವರ್ಗದ ಸ್ತ್ರೀಯರಿಗೆ ಇಪ್ಪತ್ತನಾಲ್ಕು ವಾರಗಳವರೆಗೆ ಇಬ್ಬರ ಅಭಿಪ್ರಾಯ ಬೇಕು. ಭ್ರೂಣದಲ್ಲಿ ತೀವ್ರ ವೈಕಲ್ಯವಿದ್ದರೆ ವೈದ್ಯಮಂಡಳಿಯ ನಿರ್ಣಯದ ಮೇಲೆ ಅದರ ನಂತರವೂ ಅವಕಾಶವಿದೆ. ಅವಿವಾಹಿತೆಯರನ್ನು ಇದರಿಂದ ಹೊರಗಿಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರ್ 29ರಂದು ತೀರ್ಪಿತ್ತಿತು. ಸರಕಾರಿ ಆಸ್ಪತ್ರೆಗೆ ಈ ಸೇವೆಗಾಗಿ ಪ್ರತ್ಯೇಕ ಪರವಾನಗಿಯೂ ಬೇಕಿಲ್ಲ. ಬೇಕಾಗಿರುವುದು ತರಬೇತಿ ಪಡೆದ ವೈದ್ಯರು. ಪ್ರಸೂತಿತಜ್ಞರೇ ಆಗಬೇಕೆಂದಿಲ್ಲ, ನಿಗದಿತ ತರಬೇತಿ ಪಡೆದ ಎಂ.ಬಿ.ಬಿ.ಎಸ್. ವೈದ್ಯರು ಹನ್ನೆರಡು ವಾರಗಳೊಳಗಿನ ಗರ್ಭಪಾತವನ್ನು ನಿರ್ವಹಿಸಬಹುದು.

ಹೀಗಿದ್ದೂ ಕಾಗದದ ಮೇಲಿನ ಹಕ್ಕು ಅಳದಂಗಡಿಯಂಥ ಊರಿಗೆ ತಲಪುವುದು ಹೇಗೆ? ಗುರುವಾಯನಕೆರೆಯಿಂದ ನಾರಾವಿಯತ್ತ ಹೋಗುವ ಈ ಹಾದಿಯಲ್ಲಿ ಯಾರು ಯಾವ ಬಸ್ಸು ಹತ್ತಿದರು, ಎಲ್ಲಿ ಇಳಿದರು ಎಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ. ಬೀಡಿ ಕಟ್ಟಿಯೋ ಅಡಿಕೆ ಸುಲಿದೋ ದಿನ ದೂಡುವ ಹೆಂಗಸಿಗೆ ಬೆಳ್ತಂಗಡಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಅಲ್ಲಿ ಆ ದಿನ ತರಬೇತಿ ಪಡೆದ ವೈದ್ಯರಿಲ್ಲದಿದ್ದರೆ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯೇ ಗತಿ. ಅಂದರೆ ಮತ್ತೊಂದು ದಿನ, ಮನೆಯಲ್ಲಿ ಮತ್ತೊಂದು ಸುಳ್ಳು. ಹೀಗೆ ವಾರಗಳು ಕಳೆಯುತ್ತವೆ. ಒಂಬತ್ತು ವಾರದೊಳಗೆ ಮಾತ್ರೆಯಿಂದ ಮುಗಿಯಬಹುದಾಗಿದ್ದುದು ಹದಿನೈದಕ್ಕೆ ಶಸ್ತ್ರಕ್ರಿಯೆಯಾಗುತ್ತದೆ. ಸೇವೆಯನ್ನು ದೂರವಿಟ್ಟರೆ ಗರ್ಭಪಾತ ತಪ್ಪುವುದಿಲ್ಲ, ತಡವಾಗುತ್ತದೆ. ಹಿಂಸೆಯ ದೃಷ್ಟಿಯಿಂದ ನೋಡಿದರೂ ತಡವಾದದ್ದು ಹೆಚ್ಚು ಘೋರ.

ಅಥವಾ ಅವಳು ಔಷಧದ ಅಂಗಡಿಗೆ ಹೋಗುತ್ತಾಳೆ. 2015ರಲ್ಲಿ ಭಾರತದಲ್ಲಿ ನಡೆದ ಗರ್ಭಪಾತಗಳು ಸುಮಾರು 1 ಕೋಟಿ 56 ಲಕ್ಷವೆಂದು ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಅವುಗಳಲ್ಲಿ ಆಸ್ಪತ್ರೆ, ಚಿಕಿತ್ಸಾಲಯಗಳಲ್ಲಿ ನಡೆದವು ಶೇಕಡಾ 22 ಮಾತ್ರ. ಶೇಕಡಾ 73ರಷ್ಟು ಅವುಗಳ ಹೊರಗೆ, ಮಾತ್ರೆಗಳಿಂದ. ಈ ಮಾತ್ರೆಗಳು ಸ್ವತಃ ಅಪಾಯಕಾರಿಗಳಲ್ಲ. ಕ್ರಮವರಿತು ಬಳಸಿದರೆ ಸುರಕ್ಷಿತವೆಂದು ವೈದ್ಯಶಾಸ್ತ್ರ ಒಪ್ಪಿದೆ. ಆದರೆ ಎಷ್ಟು ವಾರವಾಯಿತು, ಗರ್ಭ ಕೋಶದೊಳಗೇ ನಿಂತಿದೆಯೇ ನಾಳದಲ್ಲಿ ನಿಂತಿದೆಯೇ, ರಕ್ತಸ್ರಾವ ಎಷ್ಟಾದರೆ ಆಸ್ಪತ್ರೆಗೆ ಓಡಬೇಕು ಎಂದು ಹೇಳುವವರಾರು? ಚೀಟಿಯಿಲ್ಲದೆ ಕೊಡಬಾರದ ಮಾತ್ರೆಯನ್ನು ಬಿಲ್ಲಿಲ್ಲದೆ ಮಾರುವಾತನು ಇದನ್ನೆಲ್ಲ ವಿವರಿಸುತ್ತ ಕೂರುವುದಿಲ್ಲ. ವ್ಯಾಪಾರ ಬಲ್ಲ ಮನೆತನಗಳಿಗೆ ಇದು ಅರ್ಥವಾಗದ ಸಂಗತಿಯಲ್ಲ: ಬೇಡಿಕೆಯಿರುವಲ್ಲಿ ಮುಂಬಾಗಿಲು ಮುಚ್ಚಿದರೆ ಹಿತ್ತಿಲ ವ್ಯವಹಾರ ಬೆಳೆಯುತ್ತದೆ, ಅದರ ನಷ್ಟ ಯಾವಾಗಲೂ ಕೊಳ್ಳುವವರದೇ.

ಸೇವೆ ಹೆಚ್ಚಿದರೆ ಹೆಣ್ಣುಭ್ರೂಣಹತ್ಯೆಯೂ ಹೆಚ್ಚುವುದೆಂಬ ಆಕ್ಷೇಪವನ್ನು ಪ್ರಾಮಾಣಿಕರೂ ಎತ್ತುತ್ತಾರೆ. ಇದನ್ನು ತಳ್ಳಿಹಾಕಲಾಗದು, ಆದರೆ ಲೆಕ್ಕ ಹಾಕಿ ನೋಡಬೇಕು. ಒಂಬತ್ತು ವಾರದೊಳಗೆ ಸ್ಕ್ಯಾನಿಂಗ್‌ನಿಂದ ಲಿಂಗವನ್ನು ತಿಳಿಯಲಾಗುವುದಿಲ್ಲ. ಲಿಂಗವರಿತು ಮಾಡಿಸುವ ಗರ್ಭಪಾತ ನಡೆಯುವುದು ಅನಂತರ, ಅದೂ ಗುಟ್ಟಿನಲ್ಲಿ. 2023ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಪತ್ತೆಹಚ್ಚಿದ ಜಾಲದಲ್ಲಿ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಲಿಂಗಪತ್ತೆ ನಡೆಸಲಾಗುತ್ತಿತ್ತೆಂಬುದು ಆರೋಪ. ಬೆಲ್ಲ ಬೇಯಿಸುವಲ್ಲಿ ಈ ದಂಧೆ! 1994ರ ಲಿಂಗಪತ್ತೆ ನಿಷೇಧ ಕಾಯಿದೆಯನ್ನು ಬಿಗಿಯಾಗಿ ಜಾರಿಗೊಳಿಸುವುದು ಇದಕ್ಕೆ ಮದ್ದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಾಖಲೆಸಹಿತ ದೊರೆಯುವ ಬೇಗನೆಯ ಸೇವೆಯನ್ನು ತಡೆಯುವುದರಿಂದ ಆಲೆಮನೆಯವರಿಗೆ ಯಾವ ತೊಂದರೆಯೂ ಆಗದು.

ಈ ಆಕ್ಷೇಪವನ್ನೆತ್ತುವ ಜೈನ ಸಮಾಜ ತನ್ನ ಲೆಕ್ಕವನ್ನೂ ನೋಡಿಕೊಳ್ಳಬೇಕು. 2001ರ ಜನಗಣತಿ ಮತಧರ್ಮವಾರು ಅಂಕಿಅಂಶ ಕೊಟ್ಟಾಗ, ಸಾಕ್ಷರತೆಯಲ್ಲಿ ಶೇಕಡಾ 94.1ರೊಂದಿಗೆ ಜೈನರು ದೇಶಕ್ಕೇ ಮೊದಲಿಗರು. ಅದೇ ಪುಸ್ತಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಜೈನರಲ್ಲಿದ್ದ ಹೆಣ್ಣುಮಕ್ಕಳು 870. ದೇಶದ ಸರಾಸರಿ 927. 2011ಕ್ಕೆ ಅದು 889ಕ್ಕೆ ಏರಿತಾದರೂ, ಸಿಖ್ಖರನ್ನು ಬಿಟ್ಟರೆ ಅದಕ್ಕಿಂತ ಕೆಳಗೆ ಯಾವ ಸಮುದಾಯವೂ ಇರಲಿಲ್ಲ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಮುನ್ನ ಊಟ ಮುಗಿಸುವ ಮನೆಗಳ ಲೆಕ್ಕವಿದು. ತುಳುನಾಡಿನ ಜೈನರು ಈ ಅಂಕಿಗಳು ಉತ್ತರದವರವೆಂದು ಹೇಳಬಹುದು. ಅದರಲ್ಲಿ ತಥ್ಯವೂ ಇದೆ. ಅಳಿಯಸಂತಾನದ ಕಟ್ಟಿನಲ್ಲಿ ಹೆಣ್ಣು ಹುಟ್ಟಿದರೆ ಕುಟುಂಬ ಬೆಳೆಯಿತೆಂದು ಅರ್ಥ. 1604ರಲ್ಲಿ ವೇಣೂರಿನ ಬಾಹುಬಲಿಯನ್ನು ನಿಲ್ಲಿಸಿದ ಅಜಿಲ ಅರಸರ ನಾಡಿದು, ಅವರ ಮನೆತನವೂ ಆ ಕಟ್ಟಿಗೆ ಸೇರಿದ್ದು. ಆದರೆ ವರದಕ್ಷಿಣೆಯ ಲೆಕ್ಕಾಚಾರ ಘಟ್ಟ ಇಳಿದು ಬಂದು ಬಹುಕಾಲವಾಯಿತೆಂಬುದನ್ನು ಮದುವೆಯ ಮಾತುಕತೆಗೆ ಕುಳಿತ ಯಾವ ಹಿರಿಯರೂ ಅಲ್ಲಗಳೆಯಲಾರರು.

ಆಪ್ತಸಮಾಲೋಚನೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಧಾರ್ಮಿಕ ಮನಸ್ಸುಳ್ಳವರು ಇದನ್ನು ಒಪ್ಪುವುದು ಸುಲಭ. ಏಕೆಂದರೆ ಸಮಾಲೋಚನೆಯೆಂದರೆ ಬುದ್ಧಿ ಹೇಳಿ ಮನಸ್ಸು ತಿರುಗಿಸುವುದೆಂದು ಅವರು ಭಾವಿಸುತ್ತಾರೆ. ಅದಲ್ಲ. ಹೆಂಗಸನ್ನು ಒಬ್ಬಳನ್ನೇ ಕೂರಿಸಿಕೊಂಡು, ಗಂಡನನ್ನೂ ಅತ್ತೆಯನ್ನೂ ಹೊರಗಿಟ್ಟು, ಅವಳ ಮಾತನ್ನು ಮೊದಲು ಕೇಳುವುದು. ಗರ್ಭವನ್ನು ಮುಂದುವರಿಸಿದರೆ ದೊರೆಯುವ ನೆರವು, ದತ್ತು ಕೊಡುವ ದಾರಿ, ಗರ್ಭಪಾತದ ವಿಧಾನ ಮತ್ತು ಅಪಾಯ, ಮುಂದೆ ಗರ್ಭನಿರೋಧದ ಕ್ರಮ, ಇವೆಲ್ಲವನ್ನೂ ಒಲವು ತೋರದೆ ತಿಳಿಸುವುದು. ಅವಳ ಮೇಲೆ ಬಲಾತ್ಕಾರ ನಡೆದಿದೆಯೇ ಎಂದು ಗುರುತಿಸುವುದು. ಮುಗಿದ ಮೇಲೆ ಹದಿನೈದು ದಿನಕ್ಕೆ ಮತ್ತೆ ವಿಚಾರಿಸುವುದು. ಹೀಗೆ ಮಾತಾಡಿಸಿದರೆ ಗರ್ಭವನ್ನು ಉಳಿಸಿಕೊಳ್ಳಲು ತೀರ್ಮಾನಿಸುವವರೂ ಇರುತ್ತಾರೆ, ಏಕೆಂದರೆ ಬೇಡವೆಂದದ್ದು ಅವರಾಗಿರುವುದಿಲ್ಲ, ಮನೆಯವರಾಗಿರುತ್ತಾರೆ. ಚಂದ್ರಮತಿಯರಿಂದ ಯಶೋಧರರನ್ನು ಬಿಡಿಸಿ ಮಾತಾಡಿಸುವ ಕೋಣೆಯದು. ಇಂಥ ಕೋಣೆ, ಇಂಥ ತರಬೇತಿ ಪಡೆದ ಒಬ್ಬ ಮಹಿಳೆ, ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ಇರಬೇಕೆಂದು ಕೇಳುವುದರಲ್ಲಿ ಅಹಿಂಸಾಧರ್ಮಕ್ಕೆ ಏನು ಕುಂದು?

ವ್ರತದ ಮಾತೂ ಇಲ್ಲಿ ಬರುತ್ತದೆ. ಅಣುವ್ರತವು ತಾನಾಗಿ ಸ್ವೀಕರಿಸತಕ್ಕದ್ದು. ಜೈನ ಸ್ತ್ರೀಯೊಬ್ಬಳು ತನ್ನ ಶ್ರದ್ಧೆಗನುಸಾರ ಕಷ್ಟವಾದರೂ ಗರ್ಭವನ್ನು ಹೊರುವೆನೆಂದರೆ ಅದು ಅವಳ ಹಿರಿಮೆ. ಎಲ್ಲ ಜಾತಿಮತದವರ ತೆರಿಗೆಯಿಂದ ನಡೆಯುವ ಆಸ್ಪತ್ರೆ ಆ ವ್ರತವನ್ನು ಉಳಿದವರೆಲ್ಲರ ಮೇಲೂ ಹೊರಿಸಬೇಕೆಂದು ಕೇಳುವುದು ವ್ರತವೂ ಅಲ್ಲ, ಸಂಯಮವೂ ಅಲ್ಲ. ಟ್ರಸ್ಟುಗಳು ನಡೆಸುವ ಆಸ್ಪತ್ರೆಯ ಸ್ಥಿತಿ ಬೇರೆ. ಐಚ್ಛಿಕ ಗರ್ಭಪಾತವನ್ನು ತಮ್ಮಲ್ಲಿ ಮಾಡುವುದಿಲ್ಲವೆಂದು ಅವು ನಿರ್ಧರಿಸಬಹುದು. ಆದರೆ ಪ್ರಾಣಾಪಾಯದಲ್ಲಿರುವವಳನ್ನು ಹಿಂದಕ್ಕೆ ಕಳುಹಿಸುವ ಅಧಿಕಾರವಾಗಲಿ, ಬಂದವಳಿಗೆ ಎಲ್ಲಿ ಸಿಗುತ್ತದೆಂಬುದನ್ನೂ ಹೇಳದೆ ಅವಮಾನಿಸಿ ಅಟ್ಟುವ ಅಧಿಕಾರವಾಗಲಿ ಯಾವ ಟ್ರಸ್ಟಿಗೂ ಇಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳ ಪರಂಪರೆ ಈ ನಾಡಿನದು. ಬೆಳ್ತಂಗಡಿ ತಾಲೂಕಿನಲ್ಲೇ ಧರ್ಮಸ್ಥಳದ ಚತುರ್ದಾನದ ಖ್ಯಾತಿಯಿದೆ. ಬಸದಿಗಳ ಆಡಳಿತ ಮಂಡಳಿಗಳು ಕಣ್ಣಿನ ಶಿಬಿರವನ್ನೂ ರಕ್ತದಾನ ಶಿಬಿರವನ್ನೂ ಏರ್ಪಡಿಸುವುದುಂಟು, ಸಂತೋಷ. ಆದರೆ ಸರಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಸ್ಥಳೀಯರೂ ಕುಳಿತುಕೊಳ್ಳುತ್ತಾರೆ; ಅಲ್ಲಿ ಸ್ಥಾನವಿರುವ ಶ್ರಾವಕರು ಗರ್ಭಪಾತದ ತರಬೇತಿ ಪಡೆದ ವೈದ್ಯರು ಯಾವ ಯಾವ ದಿನ ಲಭ್ಯರೆಂದು ಕೇಳಬಹುದು, ಸಮಾಲೋಚನೆಗೆ ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ ಬೇಕೆಂದು ಬರೆದುಕೊಡಬಹುದು. ಮಹಿಳಾ ಸಮಾಜಗಳ ಸಭೆಗೆ ಪ್ರಸೂತಿ ವೈದ್ಯೆಯೊಬ್ಬರನ್ನು ಕರೆಯಿಸಿ, ಗಂಡಸರು ಹೊರಗೆ ಕುಳಿತು, ಅವರ ಮಾತನ್ನು ಹೆಂಗಸರು ಸ್ವಸ್ಥವಾಗಿ ಕೇಳಲು ಬಿಡಬಹುದು. ಇದಕ್ಕೆ ದೊಡ್ಡ ನಿಧಿಯೇನೂ ಬೇಡ. ಸಂಕೋಚ ಬಿಟ್ಟರೆ ಸಾಕು.

ಆ ಸಭೆಯಲ್ಲಿ ಮೊದಲು ತಿಳಿಸಬೇಕಾದ ಸಂಗತಿಯೊಂದಿದೆ. ವಿದ್ಯಾವಂತ ಮನೆಗಳಲ್ಲೂ ಇದು ಹಲವರಿಗೆ ಗೊತ್ತಿಲ್ಲ. ಗರ್ಭಪಾತದ ಒಪ್ಪಿಗೆಪತ್ರಕ್ಕೆ ನಿಯಮಾವಳಿಯಲ್ಲಿ ಫಾರಂ ‘ಸಿ’ ಎಂದು ಹೆಸರು. ಹದಿನೆಂಟು ತುಂಬದ ಬಾಲೆಯಾಗಿದ್ದರೆ ಅಥವಾ ಮಾನಸಿಕ ಅಸ್ವಸ್ಥೆಯಾಗಿದ್ದರೆ ಪೋಷಕರ ಸಹಿ ಬೇಕು. ಉಳಿದಂತೆ ಆ ಹಾಳೆಯಲ್ಲಿ ಸಹಿ ಹಾಕಬೇಕಾದವಳು ಆ ಸ್ತ್ರೀ ಒಬ್ಬಳೇ. ಗಂಡನ ಸಹಿ ಬೇಕಿಲ್ಲ, ಅತ್ತೆಯದೂ ಬೇಕಿಲ್ಲ. ಅವಳ ಹೆಸರನ್ನು ಅನಧಿಕೃತರಿಗೆ ತಿಳಿಸಿದ ವೈದ್ಯರಿಗೆ ಶಿಕ್ಷೆಯೂ ಇದೆ.